ಓದುಗರ ಪ್ರಶ್ನೆ, ನಮ್ಮ ಉತ್ತರ: ತೆಳುನೀರಿನ ಹೊಳೆಗೂ ಜಲಾಶಯಕ್ಕೂ ಒಂದೇ ಜೆಟ್ ಬೋಟು

ಪ್ರಶ್ನೆ: ನಮ್ಮ ಮೂಲ ವಿಜಯಪುರ ಜಿಲ್ಲೆ, ಈಗ ಪುಣೆಯಲ್ಲಿ ನೆಲೆಸಿದ್ದೇವೆ. ಇಂದಾಪುರದ ಕಡೆ ಉಜನಿ ಹಿನ್ನೀರಿನ ದಂಡೆಯಲ್ಲಿ ಅಣ್ಣತಮ್ಮಂದಿರು ಸೇರಿ ಜಮೀನು ಮಾಡಿದ್ದೇವೆ. ಮಳೆ ನಿಂತ ಮೇಲೆ ಕಣ್ಣು ಹಾಯುವವರೆಗೂ ನೀರು, ಏಪ್ರಿಲ್–ಮೇನಲ್ಲಿ ಭೀಮೆಯ ಹರಿವಿನಲ್ಲಿ ಮೊಣಕಾಲುದ್ದ. ಆರು ಜನ ಕೂರುವ ಒಂದೇ ಜೆಟ್ ಬೋಟು ಎರಡಕ್ಕೂ ಆಗಬೇಕು. ಮುಂಬೈಯಲ್ಲಿ ಫೈಬರಿನ, ನೋಡಲು ಚೆಂದದ ಒಂದು ಬೋಟು ಮಾರಾಟಕ್ಕಿದೆ. ತೆಗೆದುಕೊಳ್ಳಬಹುದೇ?
– ಓದುಗರು, ಹಡಪಸರ, ಪುಣೆ

ಉತ್ತರ: ಆ ಬೋಟು ಬೇಡ. ಜೆಟ್ ಬೋಟು ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಜಾತಿಯ ಬೋಟುಗಳು ಮಾರಾಟವಾಗುತ್ತವೆ. ನೀವು ನೋಡಿದ್ದು ವಾಟರ್ ಸ್ಕೂಟರಿನ ದೊಡ್ಡಣ್ಣ. ಪ್ರೊಪೆಲ್ಲರ್ ಇಲ್ಲವೆಂದ ಮಾತ್ರಕ್ಕೆ ಅದು ತೆಳುನೀರಿನ ಬೋಟಲ್ಲ. ಇಂಥ ಬೋಟುಗಳ ಕೈಪಿಡಿಗಳೇ ತಳದ ಕೆಳಗೆ 60ರಿಂದ 90 ಸೆಂ.ಮೀ. ನೀರಿರಲಿ ಎನ್ನುತ್ತವೆ. ಅದಕ್ಕಿಂತ ಕಡಿಮೆಯಾದರೆ, ತಳದಿಂದ ನೀರೆಳೆದು ಹಿಂದಕ್ಕೆ ಚಿಮ್ಮಿಸಿ ಬೋಟನ್ನು ತಳ್ಳುವ ಪಂಪು ಮರಳನ್ನೂ ಹರಳನ್ನೂ ಎಳೆದುಕೊಳ್ಳುತ್ತದೆ, ಫೈಬರಿನ ತಳ ಒಂದೇ ಬಂಡೆಗೆ ಸೀಳುತ್ತದೆ.

ನಿಮಗೆ ಬೇಕಾದದ್ದು ಅಲ್ಯೂಮಿನಿಯಂ ತಳದ ಹೊಳೆ ಬೋಟು. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ತಮ್ಮ ಊರಿನ ಕಲ್ಲುಹರಳಿನ ಹೊಳೆಗಳಿಗೆಂದೇ ಇದನ್ನು ರೂಪಿಸಿದರು. 1977ರಲ್ಲಿ ಎಡ್ಮಂಡ್ ಹಿಲರಿ ತಂಡ ಗಂಗಾಸಾಗರದಿಂದ ಹಿಮಾಲಯದ ಕಡೆಗೆ ಗಂಗೆಯಲ್ಲಿ ಏರಿಹೋದದ್ದು ಇಂಥ ಮೂರು ಬೋಟುಗಳಲ್ಲೇ. ನಂದಪ್ರಯಾಗದ ಬಳಿ ಜಲಪಾತ ಅಡ್ಡ ಬಂದಾಗ ನಿಂತರು.

ವೇಗ ಹಿಡಿದು ಮೇಲೆದ್ದು ಜಾರುವಾಗ ಹೊಳೆ ಬೋಟಿಗೆ 10 ಸೆಂ.ಮೀ. ನೀರೂ ಸಾಕು. ಅದೇ ಬೋಟು ನಿಂತಾಗ 30–40 ಸೆಂ.ಮೀ. ಮುಳುಗುತ್ತದೆ. ಕೊಳ್ಳುವವರು ಮೊದಲ ಅಂಕಿಯನ್ನಷ್ಟೇ ಕೇಳಿಕೊಂಡು ಬರುತ್ತಾರೆ, ಹೊಳೆಯಲ್ಲಿ ಕೆಡಿಸುವುದು ಎರಡನೆಯದು. ತೆಳುನೀರಿನ ನಡುವೆ ಹೆದರಿ ಥ್ರಾಟಲ್ ಬಿಟ್ಟರೆ ಬೋಟು ಕುಸಿದು ನೆಲ ಹಿಡಿಯುತ್ತದೆ. ಚುಕ್ಕಾಣಿಯೂ ಅದೇ ಕ್ಷಣ ಕೈಬಿಡುತ್ತದೆ, ಏಕೆಂದರೆ ಜೆಟ್ ಬೋಟು ತಿರುಗುವುದು ಹಿಂದಿನ ನಾಝಲ್‌ನಿಂದ ಚಿಮ್ಮುವ ನೀರಿನ ಬಲದಿಂದ. ಓಡಿಸುವವರೆಲ್ಲರಿಗೂ ಮೊದಲ ದಿನವೇ, ಆಳದ ನೀರಿನಲ್ಲಿ, ಇದನ್ನು ಮಾಡಿ ತೋರಿಸಿ.

ಇನ್ನು ತಳದ ಆಕಾರ. ಚಪ್ಪಟೆ ತಳ ಹೊಳೆಗೆ ಒಳ್ಳೆಯದು, ಆದರೆ ಮಧ್ಯಾಹ್ನದ ಗಾಳಿಗೆ ಉಜನಿಯಲ್ಲಿ ಅಲೆ ಎದ್ದಾಗ ಬೆನ್ನೆಲುಬು ಕುಟ್ಟುತ್ತದೆ. 20 ಡಿಗ್ರಿಯ ಚೂಪು ತಳ ಅಲೆಯನ್ನು ಚೆನ್ನಾಗಿ ಸೀಳುತ್ತದೆ, ಆದರೆ ಹೊಳೆಯಲ್ಲಿ ನೆಲ ತಾಗುತ್ತದೆ. ಎರಡೂ ಬೇಕೆಂದರೆ ಹಿಂಭಾಗದಲ್ಲಿ 12ರಿಂದ 15 ಡಿಗ್ರಿ ಇಳಿಜಾರಿರಲಿ, ನಡುವೆ ಅಂಗೈ ಅಗಲದ ಚಪ್ಪಟೆ ಪಟ್ಟಿ ಇರಲಿ. ಆ ಪಟ್ಟಿಯಿಂದ ಪಂಪಿನ ಬಾಯಿಗೆ ಗಾಳಿಗುಳ್ಳೆ ಇಲ್ಲದ ನೀರು ಸಿಗುತ್ತದೆ. ತಳದ ಉದ್ದಕ್ಕೂ ಬರುವ ಏಣುಗಳು ಪಂಪಿನ ಬಾಯಿಗಿಂತ ಮುಂಚೆಯೇ ಮುಗಿದಿವೆಯೇ ಎಂದು ಬಗ್ಗಿ ನೋಡಿ. ಮುಗಿದಿರದಿದ್ದರೆ ಅವು ಗಾಳಿಯನ್ನು ನೇರ ಇಂಪೆಲ್ಲರ್‌ಗೆ, ಅಂದರೆ ಪಂಪಿನೊಳಗೆ ತಿರುಗುವ ಅಲಗಿನ ಚಕ್ರಕ್ಕೆ, ತಂದು ಸುರಿಯುತ್ತವೆ. ಅಲೆಯ ಮೇಲೆ ಎಂಜಿನ್ ಒಮ್ಮೆಲೇ ಕಿರುಚಿ ಬೋಟು ಮುಗ್ಗರಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಅಳತೆ 5ರಿಂದ 5.5 ಮೀಟರ್ ಉದ್ದ. ತಳದ ತಗಡು ಮರಳಿಗೆ 4 ಮಿ.ಮೀ., ಕಲ್ಲಿಗೆ 5 ಅಥವಾ 6. ಭೀಮೆಯ ಪಾತ್ರದಲ್ಲಿ ಎರಡೂ ಇವೆ, ಹಾಗಾಗಿ 5ಕ್ಕಿಂತ ಕೆಳಗಿಳಿಯಬೇಡಿ. ತಳಕ್ಕೆ 10–12 ಮಿ.ಮೀ. ದಪ್ಪದ ಗಟ್ಟಿ ಪಾಲಿಥಿಲೀನ್ ಹಾಳೆ ಬಡಿಸಿದರೆ ಕಲ್ಲಿನ ಮೇಲೆ ಬೋಟು ಸಿಕ್ಕಿಕೊಳ್ಳದೆ ಜಾರುತ್ತದೆ. ತೂಕ ಹೆಚ್ಚುತ್ತದೆ, ಆದರೂ ಹಾಕಿಸಿ. ಉಜನಿ ನೀರು ಇಳಿದಾಗ ಪಳಸದೇವದ ಹಳೆಯ ದೇವಸ್ಥಾನ ಮೇಲೆ ಏಳುವುದನ್ನು ನೀವು ನೋಡಿರಬಹುದು. ಮುಳುಗಿದ ಊರುಗಳ ಗೋಡೆ, ಮರದ ಮೋಟು ಇನ್ನೂ ನೀರಿನಡಿಯಲ್ಲೇ ಇವೆ. ಮೇ ತಿಂಗಳಲ್ಲಿ ಅವು ಎಲ್ಲಿವೆ ಎಂದು ಗುರುತು ಹಾಕಿಟ್ಟುಕೊಂಡರೆ ನವೆಂಬರಿನಲ್ಲಿ ತಳ ಉಳಿಯುತ್ತದೆ.

ಇದೇ ಉಜನಿಯಲ್ಲಿ 2024ರ ಮೇ 21ರಂದು ಕುಗಾಂವದಿಂದ ಕಳಶಿಗೆ ಹೊರಟ ಪ್ರಯಾಣಿಕರ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಜೀವ ಕಳೆದುಕೊಂಡರು. ಬೇಸಿಗೆಯ ಸಂಜೆ ಮೋಡ ಕಟ್ಟಿದರೆ ದಂಡೆ ಸೇರಿ. ಬೋಟು ಎಂಥದ್ದೇ ಇರಲಿ, ಆರು ಜನರಿಗೆ ಆರು ಲೈಫ್ ಜಾಕೆಟ್ ಬೇಕು, ಅವು ಮೈಮೇಲೆ ಇರಬೇಕು. ಸೀಟಿನಡಿ ಇಟ್ಟ ಜಾಕೆಟ್ ಲೆಕ್ಕಕ್ಕಿಲ್ಲ.

ಪ್ರಶ್ನೆ: ಔಟ್‌ಬೋರ್ಡ್ ಎಂಜಿನ್‌ಗೆ ಜೆಟ್ ಜೋಡಿಸುವುದೋ, ಬೋಟಿನೊಳಗೇ ಎಂಜಿನ್ ಇರುವುದೋ? ಯಾವುದು ಲೇಸು?
– ಓದುಗರು, ಡೊಂಬಿವಲಿ

ಉತ್ತರ: ವರ್ಷಕ್ಕೆ ಕೆಲವೇ ವಾರ ಓಡಿಸುವವರಿಗೆ ಔಟ್‌ಬೋರ್ಡ್ ಜೆಟ್. ಅದರ ಲೋಪ ಶಕ್ತಿಯಲ್ಲಿ: ಪ್ರೊಪೆಲ್ಲರ್ ಜಾಗಕ್ಕೆ ಜೆಟ್ ಕಾಲು (ಪಂಪಿರುವ ಕೆಳಭಾಗ) ಹಾಕಿದೊಡನೆ ಸುಮಾರು ಶೇ. 30ರಷ್ಟು ಬಲ ಹೋಗುತ್ತದೆ. 60 ಅಶ್ವಶಕ್ತಿಯ ಎಂಜಿನ್ 40ರಂತೆ ಎಳೆಯುತ್ತದೆ, 115ರದು 80ರಂತೆ. ಆರು ಜನ, ಇಂಧನ, ಸಾಮಾನು ಸೇರಿದರೆ 115ಕ್ಕಿಂತ ಕಡಿಮೆ ಎಂಜಿನ್‌ನಿಂದ ಬೋಟು ಮೇಲೆದ್ದು ಜಾರಲು ಏದುಸಿರು ಬಿಡುತ್ತದೆ. ಜಾರದ ಜೆಟ್ ಬೋಟು ತೆಳುನೀರಿನಲ್ಲಿ ಯಾವ ಕೆಲಸಕ್ಕೂ ಬಾರದು.

ಜೋಡಿಸುವಾಗ ಪಂಪಿನ ಬಾಯಿಯ ಮುಂದಿನ ಅಂಚು ಬೋಟಿನ ತಳದ ಮಟ್ಟಕ್ಕೇ ಬರಬೇಕು. ಮೇಲಾದರೆ ಗಾಳಿ ಕುಡಿಯುತ್ತದೆ, ಕೆಳಗಾದರೆ ಕಲ್ಲಿಗೆ ಬಡಿಯುತ್ತದೆ. ಅರ್ಧ ಇಂಚಿನ ವ್ಯತ್ಯಾಸವೂ ಗೊತ್ತಾಗುತ್ತದೆ, ಆದ್ದರಿಂದ ನೀರಿಗಿಳಿಸಿ ಎರಡು–ಮೂರು ಸಲ ಎತ್ತಿ ಇಳಿಸಿ ನೋಡಲು ಮೆಕ್ಯಾನಿಕ್‌ಗೆ ಸಮಯ ಕೊಡಿ. ಜೆಟ್ ಕಾಲಿನ ಬೇರಿಂಗಿಗೆ ಪ್ರತಿ 10 ಗಂಟೆ ಓಟಕ್ಕೆ ಗ್ರೀಸ್ ಬೇಕು.

ಬೋಟಿನೊಳಗಿನ ಎಂಜಿನ್ ಹೆಚ್ಚು ಎಳೆಯುತ್ತದೆ, ಹೊರಗೆ ಏನೂ ಚಾಚಿರುವುದಿಲ್ಲ. ಆದರೆ ಇವುಗಳಲ್ಲಿ ಹಲವು ಎಂಜಿನ್ ತಣಿಸುವ ನೀರನ್ನು ಅದೇ ಪಂಪಿನಿಂದ ತೆಗೆಯುತ್ತವೆ. ಮರಳು ಆ ಕೊಳವೆಯಲ್ಲಿ ಕೂತರೆ ಎಂಜಿನ್ ಕಾಯುತ್ತದೆ. ನೀರು ಸೋಸುವ ಡಬ್ಬಿ ಕೈಗೆಟಕುವಲ್ಲಿ ಇದೆಯೇ, ಉಪಕರಣವಿಲ್ಲದೆ ಬಿಚ್ಚಲಾಗುತ್ತದೆಯೇ ನೋಡಿ. ನಿಮ್ಮ ಓಡಾಟದ ಮುಕ್ಕಾಲು ಪಾಲು ಪಾನಶೇತ, ಮುಳಶಿಯಂಥ ಆಳದ ನೀರಿನಲ್ಲೇ ಆದರೆ ಜೆಟ್ಟೇ ಬೇಡ. ಮೇಲೆತ್ತಲು ಬರುವ ಪ್ರೊಪೆಲ್ಲರ್ ಎಂಜಿನ್ ಕಡಿಮೆ ಪೆಟ್ರೋಲಿನಲ್ಲಿ ಅದೇ ಕೆಲಸ ಮಾಡುತ್ತದೆ. ನಿಧಾನ ಓಟದಲ್ಲಂತೂ ಜೆಟ್ ಇಂಧನ ಪೋಲು.

ಪ್ರಶ್ನೆ: ಅಂತರಗಂಗೆ ಬೆಳೆದ ಕಡೆ ಜೆಟ್ ಬೋಟು ನಡೆಯುತ್ತದೆಯೇ? ಪ್ರೊಪೆಲ್ಲರ್ ಇಲ್ಲದ್ದರಿಂದ ಸುತ್ತಿಕೊಳ್ಳುವುದಿಲ್ಲ ಎನ್ನುತ್ತಾರೆ.
– ಓದುಗರು, ಪಿಂಪರಿ

ಉತ್ತರ: ಅದು ತಪ್ಪು ತಿಳಿವಳಿಕೆ. ಪವನಾ, ಇಂದ್ರಾಯಣಿಯ ಅಂತರಗಂಗೆಯ ಬೇರು ಪಂಪಿನ ಬಾಯಿಯ ಜಾಲರಿಗೆ ಒತ್ತಿ ಕೂರುತ್ತದೆ. ಎಂಜಿನ್ ಸುತ್ತು ಏರುತ್ತದೆ, ಬೋಟಿನ ವೇಗ ಇಳಿಯುತ್ತದೆ. ಬಾಯಿ ಕಟ್ಟಿದ್ದಕ್ಕೆ ಇದೇ ಗುರುತು. ರಿವರ್ಸ್ ಹಾಕಿದರೆ ಉಗುಳುತ್ತದೆ ಎಂದು ಹಲವರು ಪ್ರಯತ್ನಿಸುತ್ತಾರೆ. ಹಿಂದಿನ ಬಕೆಟ್ ಚಿಮ್ಮುವ ನೀರನ್ನು ಮುಂದಕ್ಕೆ ತಿರುಗಿಸುತ್ತದೆಯೇ ಹೊರತು ಪಂಪು ಉಲ್ಟಾ ಸುತ್ತುವುದಿಲ್ಲ, ಹೀಗಾಗಿ ಕಸ ಇನ್ನಷ್ಟು ಬಿಗಿಯುತ್ತದೆ. ಇಂಪೆಲ್ಲರನ್ನೇ ಹಿಂದಕ್ಕೆ ಸುತ್ತಿಸುವ ಗೇರ್‌ಬಾಕ್ಸ್ ಇದ್ದರೆ ಮಾತ್ರ ಇದು ಫಲಿಸುತ್ತದೆ.

ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿ, ಆಮೇಲೆ ಪಂಪಿನ ಮೇಲಿನ ಮುಚ್ಚಳ ತೆರೆದು ಕಸ ಕೀಳಿ. ಕೊಳ್ಳುವ ಮುನ್ನವೇ ಪರೀಕ್ಷಿಸಬೇಕಾದ ಭಾಗವಿದು: ಎಲ್ಲರೂ ಕೂತಾಗಲೂ ಮುಚ್ಚಳದ ಅಂಚು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಕೆಳಗಿದ್ದರೆ ತೆರೆದೊಡನೆ ನೀರು ಬೋಟಿನೊಳಕ್ಕೆ ಬುಗ್ಗೆಯಾಗುತ್ತದೆ. ನೀರಿನ ಮೇಲೆ ಹಸಿರು ಹಾಸು ಕಂಡಲ್ಲಿಗೆ ಹೋಗದಿರುವುದೇ ಒಳ್ಳೆಯದು.

ಪ್ರಶ್ನೆ: ಹಳೆಯ ಬೋಟು ನೋಡಿದ್ದೇವೆ. ಮಾಂಡೋವಿ, ಝುವಾರಿಯಲ್ಲಿ ಓಡಿಸುವ ಯೋಚನೆ. ಏನೇನು ಪರೀಕ್ಷಿಸಬೇಕು?
– ಓದುಗರು, ಪೊಂಡಾ, ಗೋವಾ

ಉತ್ತರ: ಟ್ರೇಲರಿನ ಮೇಲೆ ಇರುವಾಗಲೇ ಟಾರ್ಚ್ ಹಿಡಿದು ಕೆಳಗೆ ಮಲಗಿ ಪಂಪಿನ ಬಾಯಿಯೊಳಗೆ ನೋಡಿ. ಇಂಪೆಲ್ಲರ್ ಅಲಗಿನ ತುದಿಗೂ ಸುತ್ತಲಿನ ಬಳೆಗೂ ನಡುವಿನ ಸಂದು ಹೊಸದರಲ್ಲಿ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಸುತ್ತ ನಾಲ್ಕು ಕಡೆ ಅಳೆಯಿರಿ. ಸಂದು 1.5 ಮಿ.ಮೀ. ದಾಟಿದ್ದರೆ ನೀರು ಹಿಂದಕ್ಕೆ ಸೋರಿ ಹಿಡಿತ ತಪ್ಪುತ್ತದೆ, ಬಳೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಒಂದು ಕಡೆ ಮಾತ್ರ ಹೆಚ್ಚು ಸಂದಿದ್ದರೆ ಬೇರಿಂಗ್ ಹೋಗಿದೆ, ಶಾಫ್ಟ್ ಬಾಗಿರಲೂಬಹುದು. ಅಲಗಿನ ಮುಂದಂಚು ಹಲ್ಲು ಹಲ್ಲಾಗಿದ್ದರೆ ಮರಳು, ಕಲ್ಲು ತಿಂದ ಬೋಟು. ಸಣ್ಣ ಹಲ್ಲನ್ನು ಅರದಿಂದ ತೀಡಿ ಸರಿಮಾಡಬಹುದು.

ಗೋವಾದ ಹೊಳೆಗಳಲ್ಲಿ ಉಪ್ಪುನೀರು ಭರತದೊಂದಿಗೆ ಬಹಳ ದೂರ ಒಳಗೆ ಬರುತ್ತದೆ. ಅಲ್ಯೂಮಿನಿಯಂ ಪಂಪಿನೊಳಗೆ ಸ್ಟೀಲ್ ಇಂಪೆಲ್ಲರ್ ಇದ್ದರೆ ಉಪ್ಪುನೀರಿನಲ್ಲಿ ಸವೆಯುವುದು ಅಲ್ಯೂಮಿನಿಯಮ್ಮೇ. ಅದನ್ನು ಉಳಿಸಲು ಬಲಿಗೆಂದು ಕಟ್ಟುವ ಆನೋಡ್ ತುಂಡುಗಳು ಅರ್ಧ ಸವೆದರೆ ಬದಲಿಸಿ. ಬರೀ ಉಪ್ಪುನೀರಿಗೆ ಸತು, ಸಿಹಿನೀರಿಗೆ ಮೆಗ್ನೀಸಿಯಂ, ಎರಡೂ ಬೆರೆಯುವ ಮಾಂಡೋವಿಗೆ ಅಲ್ಯೂಮಿನಿಯಂ ಆನೋಡ್. ಬೋಟನ್ನು ನೀರಲ್ಲೇ ಕಟ್ಟಿಡಬೇಡಿ, ಪಂಪಿನೊಳಗೆ ಚಿಪ್ಪುಜೀವಿ ಹತ್ತಿಕೊಂಡರೆ ಎಳೆತ ಹೋಗುತ್ತದೆ. ಪ್ರತಿ ಸಲ ಮೇಲೆ ತಂದು ಹತ್ತು ನಿಮಿಷ ಸಿಹಿನೀರು ಹಾಯಿಸಿ. ದೊಡ್ಡ ಭರತ–ಇಳಿತದ ನಡುವೆ ಅಲ್ಲಿ ಸುಮಾರು 2 ಮೀಟರ್ ವ್ಯತ್ಯಾಸವಿರುತ್ತದೆ. ಬೆಳಿಗ್ಗೆ ದಾಟಿದ ಮರಳದಿಬ್ಬ ಮಧ್ಯಾಹ್ನ ಬಯಲಾಗಿರಬಹುದು, ಹೊರಡುವ ಮುನ್ನ ಭರತದ ಪಟ್ಟಿ ನೋಡಿಕೊಳ್ಳಿ.

ನೋಂದಣಿಗೆ ಗೋವಾದಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ, ಮಹಾರಾಷ್ಟ್ರದಲ್ಲಿ ಮೇರಿಟೈಮ್ ಬೋರ್ಡ್. ಅಣೆಕಟ್ಟಿನ ನೀರಾದರೆ ಜಲಸಂಪನ್ಮೂಲ ಇಲಾಖೆಯ ಅನುಮತಿಯನ್ನೂ ಕೇಳಿ, ಮುಂಗಡ ಕೊಡುವ ಮೊದಲೇ.