ಅಮೆರಿಕದ ಹೈಲ್ಯಾಂಡ್ ಗೇಮ್ಸ್‌ಗಳಲ್ಲಿ ಕ್ಲ್ಯಾನ್ ಡೇರೆಗಳು ಯಾಕಿರುತ್ತವೆ?

ಹೈಲ್ಯಾಂಡ್ ಗೇಮ್ಸ್ ಅಂದರೆ ಸ್ಕಾಟಿಷ್ ಆಟ, ಸಂಗೀತ, ಕುಣಿತಗಳ ಹಬ್ಬ. ಕ್ಲ್ಯಾನ್ ಅಂದರೆ ಒಬ್ಬ ಮುಖ್ಯಸ್ಥನ ಕೆಳಗೆ ಸೇರಿದ ಸ್ಕಾಟಿಷ್ ಮನೆತನಗಳ ಗುಂಪು. ಅಮೆರಿಕದಲ್ಲಿರುವ ಅವರ ವಂಶಸ್ಥರು ಸಂಘ ಕಟ್ಟಿಕೊಂಡು ಇಂಥ ಹಬ್ಬಗಳಲ್ಲಿ ಡೇರೆ ಹಾಕುತ್ತಾರೆ.

ಒಳ್ಳೆಯ ಉದಾಹರಣೆ ನಾರ್ತ್ ಕ್ಯಾರೊಲಿನಾದ ಗ್ರ್ಯಾಂಡ್‌ಫಾದರ್ ಮೌಂಟನ್ ಹೈಲ್ಯಾಂಡ್ ಗೇಮ್ಸ್. 1956ರಲ್ಲಿ ಶುರುವಾಯಿತು, ಈಗ ಜುಲೈನಲ್ಲಿ ನಡೆಯುತ್ತದೆ. ಆ ರಾಜ್ಯಕ್ಕೆ 18ನೇ ಶತಮಾನದಲ್ಲೇ ತುಂಬಾ ಸ್ಕಾಟಿಷ್ ಜನ ವಲಸೆ ಹೋಗಿದ್ದರು. ಡೇರೆಯೊಳಗೆ ಮೇಜಿನ ಮೇಲೆ ಆ ಮನೆತನದ ಟಾರ್ಟನ್, ಅಂದರೆ ಚೌಕಳಿ ಬಟ್ಟೆ. ಪಕ್ಕದಲ್ಲಿ ವಂಶವೃಕ್ಷ, ಹಳೇ ನಕ್ಷೆ. ಬಂದವರು ತಮ್ಮ ಅಡ್ಡಹೆಸರು ಹೇಳುತ್ತಾರೆ. ಅದು ಯಾವ ಕ್ಲ್ಯಾನಿಗೆ ಸೇರುತ್ತೆ ಅಂತ ಅಲ್ಲಿ ಕೂತವರು ಹುಡುಕಿಕೊಡುತ್ತಾರೆ. ಸಂಜೆ ಪಂಜಿನ ಬೆಳಕಿನಲ್ಲಿ ಒಂದೊಂದು ಕ್ಲ್ಯಾನಿನ ಪ್ರತಿನಿಧಿಯೂ ಮುಂದೆ ಬಂದು ‘ನಾವು ಬಂದಿದ್ದೇವೆ’ ಅಂತ ಸಾರುವ ಕಾರ್ಯಕ್ರಮವೂ ಉಂಟು.

ಜನ ಜಾಸ್ತಿ ಮುಗಿಬೀಳುವುದು ಮಾತ್ರ ಕೇಬರ್ ಎಸೆತಕ್ಕೆ. ಉದ್ದನೆಯ ಮರದ ದಿಮ್ಮಿಯನ್ನು ನೆಟ್ಟಗೆ ಎತ್ತಿ ಹಿಡಿದು, ಓಡುತ್ತಾ ಎಸೆಯಬೇಕು. ಸುಮ್ನೆ ದೂರ ಹಾಕಿದರೆ ಅಂಕ ಸಿಗಲ್ಲ! ಮೇಲಿನ ತುದಿ ನೆಲಕ್ಕೆ ತಾಗಿ, ದಿಮ್ಮಿ ಪಲ್ಟಿ ಹೊಡೆದು, ಗಡಿಯಾರದ 12ರ ಮುಳ್ಳಿನಂತೆ ಎಸೆದವನ ಮುಂದೆ ನೇರವಾಗಿ ಬೀಳಬೇಕು. ಇದರ ಜೊತೆಗೆ ಬ್ಯಾಗ್‌ಪೈಪ್, ಕುಣಿತ, ಬೆಟ್ಟ ಹತ್ತುವ ಓಟ ಎಲ್ಲಾ ಇರುತ್ತೆ.

ಕೆಲವು ಟಾರ್ಟನ್ ವಿನ್ಯಾಸಗಳು 19ನೇ ಶತಮಾನದವು, ಅಂಥ ಪುರಾತನವೇನಲ್ಲ. ಅದರಿಂದ ಹಬ್ಬದ ಖುಷಿಯೇನೂ ಕಮ್ಮಿಯಾಗಲ್ಲ, ಅಲ್ವಾ? ಸ್ಕಾಟಿಷ್ ಮೂಲ ಇಲ್ಲದವರೂ ಟಿಕೆಟ್ ತಗೊಂಡು ಹೋಗಬಹುದು.