ಬೆಳ್ಳಿಯಡಿ ತಾಮ್ರ ಕಂಡರೆ ರೋಮನ್ ನಾಣ್ಯ ನಕಲಿಯೇ?

ರೋಮನ್ ಚಕ್ರವರ್ತಿ ಗ್ಯಾಲಿಯೆನಸ್‌ನ, ಹಿಂಬದಿಯಲ್ಲಿ ಜಿಂಕೆಯಿರುವ ನಾಣ್ಯದ ಫೋಟೊ ಹಾಕಿ, ಬೆಳ್ಳಿಯಡಿ ತಾಮ್ರ ಕಾಣುತ್ತಿದೆ, ನಕಲಿಯೇ ಎಂದು ಕೇಳಿದ್ದೀರಿ. ಇಂಥ ನಾಣ್ಯದಲ್ಲಿ ತಾಮ್ರ ಇಣುಕುವುದು ನಕಲಿಯ ಲಕ್ಷಣವಲ್ಲ, ಟಂಕಸಾಲೆಯಿಂದ ಹೊರಬಿದ್ದದ್ದೇ ಹಾಗೆ. ಚಕ್ರವರ್ತಿಯ ತಲೆಯ ಮೇಲೆ ನೀವು ಹೇಳಿದ ಮುಳ್ಳುಮುಳ್ಳು ಕಿರೀಟ ಸೂರ್ಯಕಿರಣದ್ದು, ಅದು ಆಂಟೋನಿನಿಯಾನಸ್ ಎಂಬ ನಾಣ್ಯದ ಗುರುತು. ಹಾಗಾಗಿ ಇದು ರೋಮನ್ನರ ಹಳೆಯ ಬೆಳ್ಳಿ ನಾಣ್ಯವಾದ ಡಿನೇರಿಯಸ್ ಅಲ್ಲ, ಆಂಟೋನಿನಿಯಾನಸ್. ಚಕ್ರವರ್ತಿ ಕ್ಯಾರಕಲ್ಲಾ ಇದನ್ನು ಕ್ರಿ.ಶ. 215ರಲ್ಲಿ ತಂದ. ಮುಖಬೆಲೆ ಎರಡು ಡಿನೇರಿಯಸ್, ಒಳಗಿದ್ದ ಬೆಳ್ಳಿ ಸುಮಾರು ಒಂದೂವರೆಯದು! 260ರಲ್ಲಿ ಗ್ಯಾಲಿಯೆನಸ್‌ನ ತಂದೆ ವಲೇರಿಯನ್ ಪರ್ಷಿಯಾದ ದೊರೆ ಶಾಪುರನಿಗೆ ಸೆರೆಸಿಕ್ಕ, ಗಾಲ್‌ನಲ್ಲಿ (ಈಗಿನ ಫ್ರಾನ್ಸ್ ಸುತ್ತಮುತ್ತ) ಸೇನಾನಿ ಪೋಸ್ಟುಮಸ್ ಬೇರೆಯೇ ರಾಜ್ಯ ಕಟ್ಟಿದ. ಸೈನ್ಯದ ಸಂಬಳಕ್ಕೆ ಬೆಳ್ಳಿ ಸಾಲದೆ, ಗ್ಯಾಲಿಯೆನಸ್‌ನ ಕೊನೆಯ ವರ್ಷಗಳಲ್ಲಿ ಅದರ ಪ್ರಮಾಣ ಶೇ. 5ಕ್ಕಿಂತ ಕೆಳಗಿಳಿಯಿತು. ಮೇಲೆ ತೆಳು ಬೆಳ್ಳಿ ಹೊಳಪು, ಒಳಗೆಲ್ಲ ತಾಮ್ರ.

ಮೊದಲು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ; ಎರಡೂವರೆಯಿಂದ ನಾಲ್ಕು ಗ್ರಾಂ ಸಹಜ. ಆಮೇಲೆ ಭೂತಗನ್ನಡಿಯಲ್ಲಿ ಅಂಚು ನೋಡಿ. ಸುತ್ತಲೂ ಜೋಡಣೆಯ ಗೆರೆಯೋ ಸಣ್ಣ ಗುಳ್ಳೆಗಳೋ ಇದ್ದರೆ ಅದು ಎರಕ ಹೊಯ್ದದ್ದು, ಅನುಮಾನಿಸಿ. ಅಂಚು ಸೀಳಿದ್ದರೆ ಚಿಂತೆ ಬೇಡ, ಸುತ್ತಿಗೆಯಿಂದ ಅಚ್ಚೊತ್ತಿದ ನಾಣ್ಯಗಳಲ್ಲಿ ಅದು ಮಾಮೂಲು.

ಹಿಂಬದಿಯ ಜಿಂಕೆ ಡಯಾನಾ ದೇವತೆಯದು. ಚಕ್ರವರ್ತಿಯನ್ನು ಕಾಯಲೆಂದು ಬೇರೆ ಬೇರೆ ದೇವರುಗಳ ಪ್ರಾಣಿಗಳನ್ನು ಒತ್ತಿಸಿದ ರೋಮ್‌ನ ಸರಣಿ, 267-268ರ ಸುಮಾರಿನದು. ಜಿಂಕೆಯ ಕೆಳಗೆ ಒಂಟಿ ಗ್ರೀಕ್ ಅಕ್ಷರವಿದೆಯೇ ನೋಡಿ, ಅದು ಟಂಕಸಾಲೆಯ ವಿಭಾಗದ ಗುರುತು.

ಹುಣಸೆಹಣ್ಣು, ಬೆಳ್ಳಿ ಪಾಲಿಶ್ ಮುಟ್ಟಿಸಲೇಬೇಡಿ, ಉಳಿದ ಬೆಳ್ಳಿಯೂ ಹೋಗುತ್ತದೆ. ಮಣ್ಣಿದ್ದರೆ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಪೂರ್ತಿ ಒಣಗಿಸಿ. ಅಸಲಿಯೆಂದು ಫೋಟೊದಿಂದ ನಾನು ಖಚಿತವಾಗಿ ಹೇಳಲಾರೆ. ತೂಕ ಮತ್ತು ಅಂಚಿನ ಚಿತ್ರ ಹಾಕಿ.