105 ಕಿ.ಮೀ., 1,800 ಮೀಟರ್ ಏರು: ಆ ದಿನದ ಲೆಕ್ಕ ಗಂಟೆಯಲ್ಲಿ ಹಾಕಿ

ನೀವು ಕೇಳಿದ್ದು ಇಷ್ಟು: ಆರು ದಿನದ ಸೈಕಲ್ ಟೂರ್, ಮೂರನೇ ದಿನ ಗುಡ್ಡಗಾಡಿನಲ್ಲಿ 105 ಕಿ.ಮೀ., ಒಟ್ಟು ಏರು 1,800 ಮೀಟರ್. ಬಯಲು ರಸ್ತೆಯಲ್ಲಿ ಬ್ಯಾಗ್ ಕಟ್ಟಿಕೊಂಡು 110 ಆರಾಮಾಗಿ ಹೋಗುತ್ತೇನೆ, ಇದೂ ಆಗುತ್ತದೆ ಅಲ್ವಾ ಅಂತ. ಆಗುತ್ತದೆ. ಆದರೆ ಅದರ ಮುಂದೆ ಇನ್ನೂ ಮೂರು ದಿನ ಇದೆ. ನಾಲ್ಕನೇ ದಿನ ಬೆಳಿಗ್ಗೆ ಕಾಲು ನಿಮ್ಮ ಮಾತು ಕೇಳಬೇಕು ಅಂದರೆ ಈ ದಿನವನ್ನು ಕಿಲೋಮೀಟರ್‌ನಲ್ಲಿ ನೋಡಬೇಡಿ.

ನೀವು ಕೊಟ್ಟ ತೂಕವನ್ನೇ ಹಿಡಿಯೋಣ. ನೀವು 72 ಕಿಲೋ, ಸೈಕಲ್ 13, ಬ್ಯಾಗು ನೀರು ಎಲ್ಲಾ ಸೇರಿ 13. ಒಟ್ಟು 98. ಏರಿನ ಸರಾಸರಿ 5% (100 ಮೀಟರ್ ಹೋದರೆ 5 ಮೀಟರ್ ಮೇಲೆ) ಅಂದುಕೊಂಡರೆ 1,800 ಮೀಟರ್ ಹತ್ತಲು 36 ಕಿ.ಮೀ. ಏರು ರಸ್ತೆ ಬೇಕು. ದಿನವಿಡೀ ತುಳಿಯಬೇಕಾದವರು ಏರಿನಲ್ಲಿ ಪೆಡಲ್‌ಗೆ ಹಾಕುವ ಶಕ್ತಿಯನ್ನು 130 ವಾಟ್ ಆಸುಪಾಸು ಇಟ್ಟುಕೊಂಡರೆ ಸಾಕು. ಆ ಲೆಕ್ಕದಲ್ಲಿ ವೇಗ ಗಂಟೆಗೆ 8-9 ಕಿ.ಮೀ. ಅಂದರೆ ಏರಿಗೇ ನಾಲ್ಕು ಗಂಟೆ. ಇಳಿಜಾರು 36 ಕಿ.ಮೀ., ಗಂಟೆಗೆ 30ರಂತೆ ಒಂದೂಕಾಲು ಗಂಟೆ. ಉಳಿದ 33 ಕಿ.ಮೀ.ಗೆ ಸುಮಾರು ಎರಡು ಗಂಟೆ. ಚಕ್ರ ತಿರುಗುವ ಸಮಯವೇ ಏಳು ಗಂಟೆ ದಾಟಿತು. ಊಟ, ವಿಶ್ರಾಂತಿ, ದಾರಿ ನೋಡೋದು, ಒಂದು ಪಂಕ್ಚರ್ ಸೇರಿಸಿ. ಒಂಬತ್ತು ಗಂಟೆಗೆ ಕಡಿಮೆ ಆಗುವುದಿಲ್ಲ.

ಹತ್ತಿದ್ದೆಲ್ಲಾ ಇಳಿಜಾರಿನಲ್ಲಿ ವಾಪಸ್ ಸಿಗುತ್ತದೆ ಅಂತ ನಿಮ್ಮ ಪ್ರಶ್ನೆಗೆ ಉತ್ತರಿಸಿದ ಕೆಲವರು ಬರೆದಿದ್ದಾರೆ. ಸಮಯದ ಮಟ್ಟಿಗೆ ಅದು ತಪ್ಪು. 10 ಕಿ.ಮೀ. ಏರನ್ನು 8ರ ವೇಗದಲ್ಲಿ ಹತ್ತಿದರೆ 75 ನಿಮಿಷ. ಅದೇ 10 ಕಿ.ಮೀ. 40ರ ವೇಗದಲ್ಲಿ ಇಳಿದರೆ 15 ನಿಮಿಷ. ಒಟ್ಟು 20 ಕಿ.ಮೀ.ಗೆ ಒಂದೂವರೆ ಗಂಟೆ, ಸರಾಸರಿ 13ರ ಚಿಲ್ಲರೆ. ಎಷ್ಟೇ ಜೋರಾಗಿ ಇಳಿದರೂ ಉಳಿಸಲು ಇರುವುದು ಆ 15 ನಿಮಿಷದೊಳಗೆ ಮಾತ್ರ. ಅದಕ್ಕಾಗಿ ತಿರುವುಗಳಲ್ಲಿ ಅಪಾಯ ತಂದುಕೊಳ್ಳಬೇಡಿ.

ಇನ್ನು ಗೇರ್. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲೇ. ಚೈನ್ ಕೂರುವ ಹಲ್ಲುಚಕ್ರಗಳಲ್ಲಿ ಮುಂದೆ (ಪೆಡಲ್ ಬಳಿ) 34, ಹಿಂದೆ 32 ಹಲ್ಲು ಅಂದಿದ್ದೀರಿ. ಖಾಲಿ ಸೈಕಲ್‌ಗೆ ಸರಿ, ಲಗೇಜ್‌ಗೆ ಭಾರ. ನಿಮ್ಮ ದಾರಿಯಲ್ಲಿ 8% ತುಂಡುಗಳಿವೆ. 130 ವಾಟ್‌ನಲ್ಲಿ ಅಲ್ಲಿ ವೇಗ ಗಂಟೆಗೆ 5.5ರ ಹತ್ತಿರ ಇರುತ್ತದೆ. ಆ ಗೇರ್‌ನಲ್ಲಿ ಪೆಡಲ್ ನಿಮಿಷಕ್ಕೆ ಬರೀ 42 ಸುತ್ತು. ಪ್ರತಿ ತುಳಿತಕ್ಕೂ ಮಂಡಿಯ ಮೇಲೆ ಜಾಸ್ತಿ ಒತ್ತಡ ಬೀಳುತ್ತದೆ. ಒಂದು ದಿನ ತಡೆಯಬಹುದು, ಆರು ದಿನ ಕಷ್ಟ. ಮುಂದೆ 30, ಹಿಂದೆ 36 ಆದರೆ ಅದೇ ವೇಗದಲ್ಲಿ 53 ಸುತ್ತು. ಮುಂದೆ 26 ಸಿಕ್ಕರೆ 60 ದಾಟುತ್ತದೆ. ಹಗುರ ಟೆಂಟ್, ಹಗುರ ಪಂಪ್ ಅಂತ ಖರ್ಚು ಮಾಡುವ ಮೊದಲು ಇದನ್ನು ಮಾಡಿಸಿ. 2 ಕಿಲೋ ಲಗೇಜ್ ಇಳಿಸಿದರೆ ಏರಿನಲ್ಲಿ ಸಿಗುವುದು ನೂರಕ್ಕೆ ಎರಡರಷ್ಟು ಲಾಭ. ಗೇರ್ ಬದಲಾಯಿಸಿದರೆ ಮಂಡಿಯೇ ಉಳಿಯುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ಪೂರ್ತಿ ಭಾರ ಹಾಕಿ ತುಳಿಯುತ್ತಾ ಇಳಿಸಿದರೆ ಚೈನ್ ತಪ್ಪಬಹುದು.

ಮೊದಲ ದೊಡ್ಡ ಏರನ್ನು ಬೇಕಂತಲೇ ನಿಧಾನವಾಗಿ ಹತ್ತಿ. ಬೆಳಗಿನ ಹುರುಪಿನಲ್ಲಿ ಎಲ್ಲರೂ ಜೋರಾಗಿ ಹೋಗುತ್ತಾರೆ, ಅದರ ಬೆಲೆ ಮಧ್ಯಾಹ್ನ ಮೂರಕ್ಕೆ ಕೊಡುತ್ತಾರೆ. ಅಳತೆಗೆ ಯಂತ್ರ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿ. ನಾಲ್ಕು ಪದಕ್ಕೆ ಉಸಿರು ಕಟ್ಟಿದರೆ ವೇಗ ಇಳಿಸಿ. ತುಂಬಾ ಕಡಿದಾದ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಏನೂ ತಪ್ಪಿಲ್ಲ.

ಹಸಿವಾಗುವವರೆಗೆ ಕಾಯಬೇಡಿ. ಆ ದಿನ ಬರೀ ಏರಿಗೇ 1,700ಕ್ಕೂ ಹೆಚ್ಚು ಕಿಲೋಕ್ಯಾಲೊರಿ ಹೋಗುತ್ತದೆ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯಿಂದಾದ ಇಂಧನ) ಒಟ್ಟು 2,000ದ ಆಸುಪಾಸು, ಮೂರನೇ ದಿನಕ್ಕೆ ಅದು ಪೂರ್ತಿ ತುಂಬಿರುವುದೂ ಇಲ್ಲ. ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಲಿ. ಏರಿನ ನಡುವೆ ತಿನ್ನುವುದು ಕಷ್ಟ, ಬುಡದಲ್ಲಿ ಸ್ವಲ್ಪ, ತುದಿಯಲ್ಲಿ ಸ್ವಲ್ಪ ತಿನ್ನಿ. ನೀರಿಗೆ ಉಪ್ಪೂ ಬೇಕು. ಬೆವರು ಸುರಿಯುವ ದಿನ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿಯಬಹುದು.

ತುದಿ ತಲುಪಿದ ಕೂಡಲೇ ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಿ, ಚಳಿ ಆದ ಮೇಲಲ್ಲ. ಒದ್ದೆ ಬಟ್ಟೆಯಲ್ಲಿ ಇಳಿಯುವಾಗ ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲು ಆಗುವುದಿಲ್ಲ. ಬ್ರೇಕನ್ನು ಉದ್ದಕ್ಕೂ ಸವರುತ್ತಾ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ, ತಣ್ಣಗಾಗಲಿ. ಲಗೇಜ್ ಸಮೇತ ಉದ್ದ ಇಳಿಜಾರಿನಲ್ಲಿ ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಒತ್ತುವ ಬ್ರೇಕ್) ಆದರೆ ರಿಮ್ ಕಾದು ಟೈರ್ ಸಿಡಿಯುವ ಅಪಾಯ ಇದೆ. ಡಿಸ್ಕ್ ಆದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ. ವೇಗ 20ರಿಂದ 40ಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು ಆಗುತ್ತದೆ, ಕಾಣುವಷ್ಟು ರಸ್ತೆಗೆ ತಕ್ಕಂತೆ ಇಳಿಯಿರಿ.

ನನ್ನ ಸಲಹೆ, ನಾನಾಗಿದ್ದರೆ ಮೂರನೇ ದಿನವನ್ನು 80ಕ್ಕೆ ಇಳಿಸುತ್ತಿದ್ದೆ. ನಿಮ್ಮ ಎರಡನೇ ದಿನ ಬರೀ 70 ಕಿ.ಮೀ., ಅದೂ ಬಯಲು. ಅವತ್ತು 25 ಮುಂದೆ ಹೋಗಿ ಮೊದಲ ಏರಿನ ಬುಡದಲ್ಲೇ ಉಳಿದುಕೊಂಡರೆ, ಬೆಳಿಗ್ಗೆ ತಂಪಿನಲ್ಲಿ ಹತ್ತಬಹುದು. ಅಲ್ಲಿ ತಂಗಲು ಜಾಗ ಇಲ್ಲ ಅಂದರೆ ಬೆಳಕು ಹರಿಯುತ್ತಲೇ ಹೊರಡಿ, ಕತ್ತಲಾಗುವ ಎರಡು ಗಂಟೆ ಮೊದಲು ತಲುಪುವ ಲೆಕ್ಕ ಇಟ್ಟುಕೊಳ್ಳಿ. ದಾರಿಯಲ್ಲಿ ಅರ್ಧಕ್ಕೆ ನಿಲ್ಲಬಹುದಾದ ಒಂದು ಊರನ್ನಾದರೂ ಮ್ಯಾಪ್‌ನಲ್ಲಿ ಗುರುತು ಮಾಡಿ. ಏರಿನ ಲೆಕ್ಕವನ್ನು ಇನ್ನೊಂದು ಆ್ಯಪ್‌ನಲ್ಲೂ ನೋಡಿ, ಒಂದೇ ರಸ್ತೆಗೆ ಬೇರೆ ಬೇರೆ ಅಂಕಿ ತೋರಿಸುವುದುಂಟು. ಜಾಸ್ತಿ ತೋರಿಸಿದ್ದನ್ನೇ ನಂಬಿ ಹೊರಡಿ.

ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಯಾವ ಮಾದರಿ, ಬ್ರೇಕ್ ಯಾವ ಬಗೆಯದು ಅಂತ ಬರೆಯಿರಿ. 36 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಅದಕ್ಕೆ ಹಿಡಿಯುತ್ತದಾ, ಚೈನ್ ಉದ್ದ ಬೇಕಾ ನೋಡಿ ಹೇಳುತ್ತೇನೆ.